ಹಾಕಿ ಟರ್ಫಿನ ಮಳೆನೀರು ಸಂಪಿಗೋ, ರಾಜಕಾಲುವೆಗೋ?

ಕೋಚ್ ಮಂಜುನಾಥ, ಬೆಂಗಳೂರು
ನಮ್ಮ ಮೈದಾನದ ಹಾಕಿ ಟರ್ಫ್ (ಪ್ಲಾಸ್ಟಿಕ್ ಹುಲ್ಲಿನ ಹಾಸು) ಸವೆದುಹೋಗಿದೆ, ಹೊಸದು ಹಾಸುತ್ತಾರಂತೆ. ನಕ್ಷೆ ನೋಡಿ ಹೊಟ್ಟೆ ಉರಿಯಿತು. ಅಂಚಿನ ಚರಂಡಿಯ ಮಳೆನೀರೆಲ್ಲ ನೇರ ರಾಜಕಾಲುವೆಗೆ (ಊರಿನ ದೊಡ್ಡ ಮಳೆನೀರು ಕಾಲುವೆ). ನೀರು ಹೊಡೆಯೋಕೆ ಮಾತ್ರ ಮತ್ತದೇ ಬೋರ್‌ವೆಲ್, ಅದೇ ಟ್ಯಾಂಕರ್. ಈ ಟರ್ಫು ಒಣಗಿದ್ದರೆ ಚೆಂಡು ಹಿಡಿತಕ್ಕೆ ಸಿಗಲ್ಲ, ಬಿದ್ದ ಮಕ್ಕಳ ಮೊಣಕಾಲು ಸುಟ್ಟ ಹಾಗೆ ತರಚುತ್ತೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ನಾವು ಒಣ ಟರ್ಫಿನಲ್ಲೇ ಅಭ್ಯಾಸ ಮಾಡಿಸಿದೆವು. ಟರ್ಫ್ ಹಾಸುವ ಮೊದಲೇ ಸಂಪು ಕಟ್ಟಿ ಅಂತ ಮನವಿ ಕೊಡೋಣ. ಹಾಸಿದ ಮೇಲೆ ಅಗೆಯೋಕೆ ಯಾರೂ ಒಪ್ಪಲ್ಲ.

ಅನಂತ್
ಸರ್, ವಿರೋಧ ಅಂದುಕೊಳ್ಳಬೇಡಿ. 2024ರ ಐಪಿಎಲ್ ಸಮಯದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕಬ್ಬನ್ ಪಾರ್ಕ್ ಘಟಕದಲ್ಲಿ ಸಂಸ್ಕರಿಸಿದ ಕೊಳಚೆ ನೀರು ಕೊಟ್ಟರಲ್ಲ, ನಮಗೂ ಅದನ್ನೇ ಕೇಳಬಹುದು. ಮಳೆ ಬಂದರೂ ಬಾರದಿದ್ದರೂ ಸಿಗುವ ನೀರದು. ಮೇಲಾಗಿ ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ನೇ ನೀರು ಬೇಡದ ಟರ್ಫಿಗೆ ಹೋಗಬೇಕು ಅನ್ನುತ್ತಿದೆ. ಈಗ ಲಕ್ಷಗಟ್ಟಲೆ ಸುರಿದು ಸಂಪು ಕಟ್ಟೋದು ಯಾಕೆ?

ಶಶಿಕಲಾ (ಸಿವಿಲ್)
ಮೊದಲು ಲೆಕ್ಕ ನೋಡಿ. ಅಂಚೂ ಸೇರಿ ಟರ್ಫು ಸುಮಾರು 100 ಮೀಟರ್ ಉದ್ದ, 63 ಮೀಟರ್ ಅಗಲ. ಅಂದರೆ 1 ಮಿ.ಮೀ. ಮಳೆಗೆ 6,300 ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಹತ್ತಿರಹತ್ತಿರ 970 ಮಿ.ಮೀ. ಬೀಳುತ್ತೆ. ಐದರಲ್ಲೊಂದು ಪಾಲು ಆವಿಯಾಗಿ, ಸೋರಿ ಹೋಯಿತು ಅಂದರೂ 48 ಲಕ್ಷ ಲೀಟರ್ ಕೈಗೆ ಸಿಗುತ್ತೆ. ಒಂದು ಸಲಕ್ಕೆ 2 ಮಿ.ಮೀ. ನೀರು ಹೊಡೆದರೆ 12,600 ಲೀಟರ್, ದಿನಕ್ಕೆ ಎರಡು ಸಲ ಅಂದರೆ 25,000. 2 ಲಕ್ಷ ಲೀಟರ್ ಸಂಪು 40 ಮಿ.ಮೀ. ಮಳೆಗೆ ತುಂಬುತ್ತೆ, ಎಂಟು ದಿನ ಬರುತ್ತೆ.

ಇನ್ನೊಂದು ವಿಷಯ ಯಾರೂ ಗಮನಿಸಲ್ಲ. ಹಳೇ ಹಾಕಿ ಟರ್ಫುಗಳಲ್ಲಿ ಹಲವುದರ ಅಡಿಯಲ್ಲಿರೋದು ನೀರು ಇಳಿಯದ ಡಾಂಬರು. ಬಿದ್ದ ನೀರು ಇಳಿಜಾರಿನಲ್ಲಿ ಅಂಚಿನ ಚರಂಡಿಗೇ ಬರಬೇಕು. ಮಳೆಯೊಂದೇ ಅಲ್ಲ, ನಾವು ಹೊಡೆದ ನೀರಿನಲ್ಲಿ ಹರಿದು ಬಂದಷ್ಟೂ ವಾಪಸ್ ಹಿಡಿಯಬಹುದು.

ನಾಣಯ್ಯ, ಪೊನ್ನಂಪೇಟೆ
ಮೇಡಂ, ಎಂಟು ದಿನದ ಸಂಪು ನಮ್ಮ ಕೊಡಗಿನಲ್ಲಿ ಏನೂ ಸಾಲಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡೋದೇ ಇಲ್ಲ, ಆವಾಗ ಟರ್ಫಿಗೆ ನೀರು ಯಾರಿಗೆ ಬೇಕು? ನೀರು ಬೇಕಾಗೋದು ಫೆಬ್ರವರಿ, ಮಾರ್ಚಿಗೆ. ಅಷ್ಟರಲ್ಲಿ ಸಂಪು ಖಾಲಿಯಾಗಿ ಎಷ್ಟೋ ದಿನ ಆಗಿರುತ್ತೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ಕಾಫಿಗೆ ನೀರು ಹೊಡೆಯೋಕೆ ತೋಟದಲ್ಲಿ ಕೆರೆ ಇಟ್ಟುಕೊಂಡಿರುತ್ತೇವಲ್ಲ, ಮೈದಾನಕ್ಕೂ ಅಂಥ ಕೆರೆಯೇ ಬೇಕು.

ಶಶಿಕಲಾ (ಸಿವಿಲ್)
ಸರಿಯಾಗಿ ಹೇಳಿದಿರಿ ನಾಣಯ್ಯನವರೇ. ನಿಮ್ಮಲ್ಲಿ ಮಳೆ ಜಾಸ್ತಿ, ಆದರೆ ಒಟ್ಟಿಗೇ ಸುರಿದುಹೋಗುತ್ತೆ. ಬೆಂಗಳೂರಿನ ಮಳೆ ಕಡಿಮೆ, ಏಪ್ರಿಲ್ ಕೊನೆಯಿಂದ ನವೆಂಬರ್‌ವರೆಗೆ ಬಿಟ್ಟು ಬಿಟ್ಟು ಬರುತ್ತೆ. ಅದೇ ಸಂಪು ಮತ್ತೆ ಮತ್ತೆ ತುಂಬುತ್ತೆ. ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಮಾತ್ರ ಇಲ್ಲಿಯೂ ಸಂಪು ಕಾಪಾಡಲ್ಲ. ಆ ತಿಂಗಳುಗಳಿಗೆ ಅನಂತ್ ಹೇಳುವ ಸಂಸ್ಕರಿಸಿದ ನೀರು ಇರಲಿ.

ಕೋಚ್ ಮಂಜುನಾಥ
ಅನಂತ್, ಪ್ಯಾರಿಸ್ ಒಲಿಂಪಿಕ್ಸ್‌ನ ಟರ್ಫಿಗೂ ನೀರು ಹೊಡೆದೇ ಆಡಿದ್ದು, ಮೊದಲಿಗಿಂತ ಕಡಿಮೆ ಅಷ್ಟೆ. ನೀರು ಬೇಡದ ಟರ್ಫು ನಮ್ಮ ಶಾಲೆ ಮಕ್ಕಳ ಕಾಲಿಗೆ ಬರುವ ಹೊತ್ತಿಗೆ ಇವರ ಆಟದ ವಯಸ್ಸೇ ಮುಗಿದಿರುತ್ತೆ. ಬೋರ್‌ವೆಲ್‌ನ ಗಡಸು ನೀರು ಟರ್ಫಿನ ಮೇಲೆ ಬಿಳಿ ಪೊರೆ ಕಟ್ಟುತ್ತೆ, ಮಳೆನೀರಿಗೆ ಆ ಕಾಟ ಇಲ್ಲ. ಸಂಸ್ಕರಿಸಿದ ನೀರಿನ ಬಗ್ಗೆ ನನಗಿರೋದು ಒಂದೇ ಭಯ: ಸ್ಪ್ರಿಂಕ್ಲರ್ ಗನ್ನಿನ ತುಂತುರು ಮಕ್ಕಳ ಉಸಿರಿಗೆ ಹೋಗುತ್ತೆ.

ಶಶಿಕಲಾ (ಸಿವಿಲ್)
ಆ ಭಯ ಸಂಪಿನ ನೀರಿಗೂ ಇರಬೇಕು ಸರ್. ಬೆಚ್ಚಗೆ ನಿಂತ ನೀರಿನಲ್ಲಿ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು, ತುಂತುರಿನಲ್ಲಿ ಶ್ವಾಸಕೋಶಕ್ಕೆ ಇಳಿಯಬಹುದು. ಕ್ಲೋರಿನ್ ಹಾಕದೆ ಗನ್ ತಿರುಗಿಸಬಾರದು. ಸಂಪಿಗೆ ಮುಚ್ಚಳ ಬೇಕೇಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತೆ. ಬೇಸಿಗೆ ಕಳೆದು ಬರುವ ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ, ವರ್ಷದ ಧೂಳೆಲ್ಲ ಅದರಲ್ಲಿರುತ್ತೆ.

ರೇಖಾ
ನಾನು ಮೈದಾನದ ಪಕ್ಕದ ಬೀದಿಯವಳು. ಅಲ್ಲೇ ಒಂದು ಖಾಸಗಿ ಫುಟ್‌ಬಾಲ್ ಟರ್ಫ್ ಇದೆ. ಜೋರು ಮಳೆ ಬಂದರೆ ಅದರ ನಾರುಗಳ ನಡುವೆ ತುಂಬಿದ ಕಪ್ಪು ರಬ್ಬರ್ ಕಾಳು ನಮ್ಮ ಚರಂಡಿಯಲ್ಲಿ ರಾಶಿ. ಅದು ಹಳೇ ಟೈರಿನ ಪುಡಿ, ಸತು ಬಿಡುತ್ತೆ. ಟೈರ್ ರಬ್ಬರಿನಿಂದ ಹುಟ್ಟುವ ಒಂದು ರಾಸಾಯನಿಕ ಅಮೆರಿಕದ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಅಂತ 2020ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಯುರೋಪಿಯನ್ ಒಕ್ಕೂಟ 2031ರಿಂದ ಈ ಕಾಳಿನ ಮಾರಾಟವನ್ನೇ ನಿಲ್ಲಿಸುತ್ತೆ. ಮಳೆನೀರು ಕೊಯ್ಲು ಅಂತ ಇಂಥ ನೀರನ್ನು ಇಂಗುಬಾವಿಗೆ ಬಿಟ್ಟರೆ ನಮ್ಮ ಬೋರ್‌ವೆಲ್ ಗತಿ ಏನು?

ಕೋಚ್ ಮಂಜುನಾಥ
ರೇಖಾ ಮೇಡಂ, ನೀರು ಹೊಡೆದು ಆಡುವ ಹಾಕಿ ಟರ್ಫಿನಲ್ಲಿ ರಬ್ಬರ್ ಕಾಳೂ ಇಲ್ಲ, ಮರಳೂ ಇಲ್ಲ.

ಶಶಿಕಲಾ (ಸಿವಿಲ್)
ಕಾಳು ಇಲ್ಲ, ಆದರೆ ಕೆಳಗಿನ ಪ್ಯಾಡಿನಲ್ಲಿ ರಬ್ಬರ್ ಇರುತ್ತೆ, ಪ್ಲಾಸ್ಟಿಕ್ ನಾರೂ ಸವೆದು ಉದುರುತ್ತೆ. ಹಾಗಾಗಿ ರೇಖಾ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಟರ್ಫಿನ ನೀರು ಟರ್ಫಿಗೇ ಇರಲಿ. ಇಂಗುಬಾವಿಗೆ ಗ್ಯಾಲರಿಯ ಚಾವಣಿ ನೀರು ಮಾತ್ರ ಬಿಡೋಣ. ಎರಡಕ್ಕೂ ಬೇರೆ ಬೇರೆ ಪೈಪು.

ಪ್ರದೀಪ, ರಾಟರ್‌ಡ್ಯಾಮ್
ಆಮ್‌ಸ್ಟರ್‌ಡ್ಯಾಮಿನಲ್ಲಿ ಕೃತಕ ಟರ್ಫಿನ ಅಡಿಯಲ್ಲೇ ಮಳೆನೀರು ಹಿಡಿದಿಟ್ಟು, ಬತ್ತಿಯಂಥ ನಾರುಗಳಿಂದ ಮೇಲಕ್ಕೆ ಎಳೆದು ಆವಿಯಾಗಲು ಬಿಟ್ಟು ನೋಡಿದ್ದಾರೆ. 2020ರ ಜೂನ್‌ನ ಒಂದು ಬಿಸಿಲು ದಿನ ಮಾಮೂಲಿ ಟರ್ಫು 62.5 ಡಿಗ್ರಿ ಮುಟ್ಟಿದಾಗ ಇದು 37 ಡಿಗ್ರಿಯಲ್ಲಿತ್ತು. ಸಂಪೇ ಬೇಡ, ಪಂಪೂ ಬೇಡ.

ಶಶಿಕಲಾ (ಸಿವಿಲ್)
ಡಾಂಬರಿನ ಹಾಕಿ ಮೈದಾನಕ್ಕೆ ಇದು ಕೂರಲ್ಲ ಪ್ರದೀಪ್. ಆದರೆ ಕಲಬುರಗಿ, ರಾಯಚೂರಿನ ಶಾಲೆಗಳಲ್ಲಿ ಟರ್ಫ್ ಹಾಸುವವರು ಇದನ್ನು ನೋಡಲೇಬೇಕು. ಆ ಬಿಸಿಲಿನಲ್ಲಿ ಮಕ್ಕಳನ್ನು ಪ್ಲಾಸ್ಟಿಕ್ ಮೇಲೆ ಓಡಿಸೋದೇ ತಪ್ಪು.

ಅನಂತ್
ಒಪ್ಪಿದೆ, ಸಂಪಿರಲಿ. ಆದರೆ ಒಳಬರುವ ಪೈಪಿಗೊಂದು, ಹೊರಹೋಗುವ ಪೈಪಿಗೊಂದು ಮೀಟರ್ ಇಡಿಸಿ. ಎಷ್ಟು ಟ್ಯಾಂಕರ್ ಉಳಿಯಿತು ಅನ್ನೋದು ಊರಿಗೇ ಗೊತ್ತಾಗಲಿ.

ರೇಖಾ
ಪಕ್ಕದ ಫುಟ್‌ಬಾಲ್ ಟರ್ಫಿನವರು ಚರಂಡಿಗೆ ಜಾಲರಿ, ಹೂಳುಗುಂಡಿ ಹಾಕಲೇಬೇಕು ಅನ್ನೋದನ್ನೂ ಮನವಿಯಲ್ಲಿ ಬರೆಯಿರಿ. ಅದಿಲ್ಲದಿದ್ದರೆ ನಮ್ಮ ಬೀದಿಯವರು ಸಹಿ ಹಾಕಲ್ಲ.

ಕೋಚ್ ಮಂಜುನಾಥ
ಬರೆಯುತ್ತೇನೆ ಮೇಡಂ. ಶಶಿಕಲಾ ಅವರೇ, ಚರಂಡಿಯಿಂದ ಸಂಪಿಗೆ ಬರುವ ಪೈಪಿನ ಅಳತೆ, ಜೋರು ಮಳೆಗೆ ತಡೆಯುವ ಹಾಗೆ ಹಾಕಿಕೊಡಿ. ಟೆಂಡರ್ ಕರೆಯುವ ಮೊದಲೇ ಕೊಡಬೇಕು.