ವರ್ಜಿಸುವ ವಿಧಾನ: ತಾಳೆ ಸರಿ, ಉತ್ತರ ತಪ್ಪು. ಹೇಗೆ?

ಪ್ರಶ್ನೆ

ಹತ್ತನೇ ತರಗತಿಯ ಲೆಕ್ಕ, ವರ್ಜಿಸುವ ವಿಧಾನದಲ್ಲಿ (ಎಕ್ಸ್, ವೈ ಎಂಬ ಚರಾಕ್ಷರಗಳಲ್ಲಿ ಒಂದನ್ನು ಹೋಗಿಸಿ ಇನ್ನೊಂದರ ಬೆಲೆ ತೆಗೆಯುವುದು):
(1) 4 ಎಕ್ಸ್ − 3 ವೈ = 17
(2) 6 ಎಕ್ಸ್ + 5 ವೈ = −3

ವಿದ್ಯಾರ್ಥಿನಿಯೊಬ್ಬಳು ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿದ್ದಾಳೆ:
12 ಎಕ್ಸ್ − 9 ವೈ = 51
12 ಎಕ್ಸ್ + 10 ವೈ = −6

ಕಳೆದು ವೈ = 45 ಎಂದು ಬರೆದು, ಅದನ್ನು (1)ರಲ್ಲಿ ಹಾಕಿ ಎಕ್ಸ್ = 38 ತೆಗೆದಿದ್ದಾಳೆ. ತಾಳೆಯನ್ನೂ ನೋಡಿದ್ದಾಳೆ: 152 − 135 = 17, ಸರಿಯಾಗಿದೆ. ನಿಜವಾದ ಉತ್ತರ ಎಕ್ಸ್ = 2, ವೈ = −3. ಚಿಹ್ನೆ ತಪ್ಪಿದ್ದು ಗೊತ್ತಾಗುತ್ತದೆ, ಆದರೆ ತಾಳೆಯಲ್ಲಿ ಅದು ಸಿಕ್ಕಿಬೀಳಲಿಲ್ಲ ಯಾಕೆ?

ಉತ್ತರ 1

ತಾಳೆ ನೋಡಿದ್ದು (1)ರಲ್ಲೇ, ಅದಕ್ಕೆ. ಎಕ್ಸ್‌ನ ಬೆಲೆ ಹುಟ್ಟಿದ್ದೇ ಆ ಸಮೀಕರಣದಿಂದ. ವೈ ಜಾಗದಲ್ಲಿ 45 ಅಲ್ಲ, 1000 ಹಾಕಿದ್ದರೂ (1)ಕ್ಕೆ ಹೊಂದುವ ಎಕ್ಸ್ ಒಂದು ಸಿಕ್ಕೇ ಸಿಗುತ್ತಿತ್ತು. ಆ ತಾಳೆಯಿಂದ ಏನೂ ಸಾಬೀತಾಗುವುದಿಲ್ಲ. ಬೆಲೆ ಒಂದರಲ್ಲಿ ಹಾಕಿ ತೆಗೆದರೆ, ತಾಳೆ ಇನ್ನೊಂದರಲ್ಲೇ ನೋಡಬೇಕು: (2)ರಲ್ಲಿ 228 + 225 = 453. ಬರಬೇಕಿದ್ದದ್ದು −3.

ತಪ್ಪಿನ ಮೂಲ ಇಷ್ಟೇ: ಅವಳು 12 ಎಕ್ಸ್ ಮಾತ್ರ ಕಳೆದು ಉಳಿದದ್ದನ್ನು ಕೂಡಿದ್ದಾಳೆ. −9 + 10 = 1, 51 − 6 = 45. ಕಳೆಯುವಾಗ ಕೆಳಗಿನ ಸಾಲಿನ ಮೂರೂ ಪದಗಳ ಚಿಹ್ನೆ ಬದಲಾಗಬೇಕು, ಬಲಗಡೆಯದ್ದೂ ಸೇರಿ:
−9 ವೈ − 10 ವೈ = 51 + 6
−19 ವೈ = 57, ವೈ = −3

ಉತ್ತರ 2

ಈ ಲೆಕ್ಕದಲ್ಲಿ ಕಳೆಯುವ ಗೊಡವೆಯೇ ಬೇಡ. ವೈ ಸಹಗುಣಕಗಳು (ವೈ ಮುಂದಿನ ಸಂಖ್ಯೆಗಳು) −3 ಮತ್ತು +5, ಚಿಹ್ನೆ ಬೇರೆ ಬೇರೆ. 3 ಮತ್ತು 5ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 15. (1)ನ್ನು 5ರಿಂದ, (2)ನ್ನು 3ರಿಂದ ಗುಣಿಸಿ ಕೂಡಿ:
20 ಎಕ್ಸ್ − 15 ವೈ = 85
18 ಎಕ್ಸ್ + 15 ವೈ = −9
38 ಎಕ್ಸ್ = 76, ಎಕ್ಸ್ = 2

ಎಕ್ಸ್ ಹೋಗಿಸಿದರೆ ಲ.ಸಾ.ಅ. 12, ಸಂಖ್ಯೆಗಳು ತುಸು ಚಿಕ್ಕವು, ನಿಜ. ಆದರೂ ಚಿಹ್ನೆಯಲ್ಲಿ ಎಡವುವ ಮಕ್ಕಳಿಗೆ ಕೂಡುವ ದಾರಿಯೇ ಮೇಲು. ಎರಡು ಚರಾಕ್ಷರಗಳಲ್ಲೂ ಚಿಹ್ನೆ ಒಂದೇ ಆಗಿದ್ದರೆ, ಒಂದು ಸಮೀಕರಣವನ್ನು ಋಣ ಸಂಖ್ಯೆಯಿಂದ ಗುಣಿಸಿಬಿಟ್ಟು ಆಮೇಲೆ ಕೂಡಿಸಿ.

ಉತ್ತರ 3

ಇನ್ನೊಂದು ಪದೇ ಪದೇ ಆಗುವ ತಪ್ಪು: ಎಡಗಡೆ ಗುಣಿಸಿ ಬಲಗಡೆಯ 17ನ್ನು ಹಾಗೇ ಬಿಡುವುದು. ಆಗ −19 ವೈ = 23 ಆಗಿ ಉತ್ತರ ಭಿನ್ನರಾಶಿಯಲ್ಲಿ ಬರುತ್ತದೆ. ಭಿನ್ನರಾಶಿ ಬಂದ ಮಾತ್ರಕ್ಕೆ ತಪ್ಪೆಂದಲ್ಲ, ಆದರೆ ಗುಣಿಸಿದ ಸಾಲನ್ನು ಒಮ್ಮೆ ತಿರುಗಿ ನೋಡಬೇಕು.

ಪ್ರಶ್ನೆ ಕೇಳಿದವರು

ಸ್ಪಷ್ಟವಾಯಿತು. 4 ಎಕ್ಸ್ − 6 ವೈ = 10, 6 ಎಕ್ಸ್ − 9 ವೈ = 15 ಎಂಬ ಜೋಡಿಯಲ್ಲಿ ಎರಡೂ ಚರಾಕ್ಷರ ಒಟ್ಟಿಗೇ ಮಾಯವಾಗುತ್ತವಲ್ಲ?

ಉತ್ತರ 1

ಹೌದು, 0 = 0 ಉಳಿಯುತ್ತದೆ. ಎರಡೂ ಒಂದೇ ರೇಖೆ, ಪರಿಹಾರಗಳು ಅಪರಿಮಿತ. 'ಎಕ್ಸ್ = 0, ವೈ = 0' ಎಂದು ಬರೆಯಲು ಬಿಡಬೇಡಿ. 15ರ ಬದಲು 14 ಇದ್ದರೆ, ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿ ಕಳೆದಾಗ ಬಲಗಡೆ 30 − 28, ಅಂದರೆ 0 = 2 ಬರುತ್ತದೆ: ಸಮಾಂತರ ರೇಖೆಗಳು, ಪರಿಹಾರವಿಲ್ಲ.