ಗಿಟಾರ್ ಸ್ಪೀಡಾಗಿ ನುಡಿಸೋಕೆ ಯಾವ ಪಿಕ್?

ಪ್ರಶ್ನೆ: ನನ್ನ ಹತ್ತಿರ ಇರುವುದು 0.60 ಮಿ.ಮೀ. ದಪ್ಪದ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ). ಸ್ಟ್ರಮ್ಮಿಂಗಿಗೆ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಮೀಟಲು, ಚೆನ್ನಾಗಿದೆ, ಆದರೆ ಒಂದೊಂದೇ ಸ್ವರ ಜೋರಾಗಿ ಓಡಿಸಲು ಹೋದರೆ ಬಾಗಿಬಿಡುತ್ತದೆ, ಬರೀ ಟಪಟಪ ಸದ್ದು. ಯಾವುದು ತಗೊಳ್ಳಲಿ?

ಉತ್ತರ 1: ಬಾಗುವುದೇ ತೊಂದರೆ. ಅದು ನೆಟ್ಟಗಾಗುವಷ್ಟರಲ್ಲಿ ಮುಂದಿನ ಸ್ವರದ ಹೊತ್ತು ದಾಟಿರುತ್ತದೆ. 1 ಮಿ.ಮೀ.ಗಿಂತ ದಪ್ಪದ್ದು ನೋಡಿ. ಡನ್‌ಲಪ್ ಕಂಪನಿಯ ಜಾಝ್ 3 ಪಿಕ್ ಚಿಕ್ಕದು, 1.38 ಮಿ.ಮೀ., ತುದಿ ಚೂಪು.

ಉತ್ತರ 2: ಅದು ನನ್ನ ಕೈಗೆ ತೀರಾ ಪುಟಾಣಿ, ಬೆವರಿದರೆ ಜಾರುತ್ತದೆ. ಅದರಲ್ಲೇ ಎಕ್ಸ್‌ಎಲ್ ಸಿಗುತ್ತದೆ, ನೋಡಿ. ಮತ್ತೆ, ತುದಿ ಬೆರಳಿನಿಂದ ಸ್ವಲ್ಪವೇ ಹೊರಗಿರಲಿ, ಚೂರು ಓರೆಯಾಗಿ ಹಿಡಿದರೆ ತಂತಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಕೇಳಿದವರು: ಓರೆ ಹಿಡಿದರೆ ಕರಕರ ಅನ್ನುತ್ತದಲ್ವಾ?

ಉತ್ತರ 2: ದಪ್ಪ ತಂತಿಗಳಲ್ಲಿ ಅನ್ನುತ್ತದೆ, ಅವಕ್ಕೆ ಮೇಲೆ ಸಣ್ಣ ತಂತಿಯ ಸುತ್ತು ಇರುತ್ತದೆ. ಓರೆ ಕಮ್ಮಿ ಮಾಡಿ, ಸಾಕು.