ಕಂಬಳದ ಚಿತ್ರದಿಂದ ತಂತಿಯನ್ನು ಅಳಿಸಬಹುದೇ?

ಪ್ರಶ್ನೆ, ಮಂಗಳೂರಿನಿಂದ: ನಾನು ತೆಗೆದ ಕನೆಹಲಗೆ (ಕೋಣಗಳು ಎಳೆಯುವ ಹಲಗೆ ನೀರನ್ನು ಮೇಲಕ್ಕೆ ಚಿಮ್ಮಿಸುವ) ಓಟದ ಚಿತ್ರವೊಂದರಲ್ಲಿ ಮೇಲ್ಗಡೆ ವಿದ್ಯುತ್ ತಂತಿ, ಅಂಚಿನಲ್ಲಿ ಯಾರದೋ ಮೊಬೈಲ್ ಹಿಡಿದ ಕೈ ಬಂದಿವೆ. ಸ್ಪರ್ಧೆಗೆ ಕಳುಹಿಸುವ ಮೊದಲು ಅವನ್ನು ಅಳಿಸಿದರೆ ತಪ್ಪೇ? ಅನುಭವಿಗಳು ತಿಳಿಸಬೇಕು.

ಮಲ್ಪೆಯವರು: ನಾನು ಕೈಸುಟ್ಟುಕೊಂಡವನು. ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಮೇಲೆ ಕುಳಿತ ಕಡಲಹದ್ದಿನ ಚಿತ್ರದಿಂದ ಒಂದೇ ಒಂದು ನೀರಿನ ಬಾಟಲಿಯನ್ನು ಅಳಿಸಿದ್ದೆ. ಪ್ರಕೃತಿ ವಿಭಾಗದ ಕೊನೆಯ ಸುತ್ತಿನಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾದ ತಿದ್ದದ ಮೂಲ ಫೈಲ್ ಕೇಳಿದರು. ಕಳುಹಿಸಿದ ಮರುದಿನವೇ ಅನರ್ಹನಾದೆ. ಪ್ರವೇಶ ಶುಲ್ಕ 1,200, ಬಾಡಿಗೆ ಲೆನ್ಸಿಗೆ 3 ದಿನಕ್ಕೆ 5,400, ಫೋಕಸ್ ಉಂಗುರದೊಳಗೆ ಮರಳು ಹೊಕ್ಕಿದೆಯೆಂದು ಅಂಗಡಿಯವರು ಹಿಡಿದುಕೊಂಡ ಮುಂಗಡ 3,000. ಒಟ್ಟು 9,600 ರೂಪಾಯಿಯ ಬಾಟಲಿ ಅದು, ದೋಣಿಯ ಟಿಕೆಟನ್ನು ಲೆಕ್ಕಕ್ಕೇ ಹಿಡಿದಿಲ್ಲ. 1982ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಿಸಲೆಂದು ಗಿಝಾದ ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿತ್ತು. ನಾನು ಸರಿಸಿದ್ದು ಕಸ.

ಉಡುಪಿಯ ಮದುವೆ ಛಾಯಾಗ್ರಾಹಕರು: ಮೊಡವೆ ವಾರದಲ್ಲಿ ಹೋಗುವಂಥದ್ದು, ಅಳಿಸುತ್ತೇನೆ, ಮಚ್ಚೆಯನ್ನು ಮುಟ್ಟುವುದಿಲ್ಲ. ಆದರೆ ಒಂದು ಮನೆಯವರು, ಮದುವೆಗೆ ಎರಡು ತಿಂಗಳ ಮೊದಲು ತೀರಿಹೋದ ತಂದೆಯನ್ನು ಧಾರೆಯ ಚಿತ್ರದಲ್ಲಿ ಸೇರಿಸಿಕೊಡಿ ಎಂದಾಗ ಒಪ್ಪಿದೆ. ಹಳೆಯ ಚಿತ್ರದಲ್ಲಿ ಬೆಳಕು ಎಡದಿಂದ, ಮಂಟಪದಲ್ಲಿ ಬಲದಿಂದ. ಕನ್ನಡಿಯಂತೆ ಎಡಬಲ ತಿರುಗಿಸಿದರೆ ಜನಿವಾರ ಬಲಹೆಗಲಿಗೆ, ಅಂದರೆ ಶ್ರಾದ್ಧದಲ್ಲಿ ಹಾಕುವಂತೆ ಅಪಸವ್ಯಕ್ಕೆ ಬಂತು! ಎರಡು ರಾತ್ರಿ ಕುಳಿತು ಎಳೆ ಎಳೆಯಾಗಿ ಸರಿಪಡಿಸಿದೆ. ಇಂದಿಗೂ ಅದು ನನ್ನ ಹೆಮ್ಮೆಯ ಕೆಲಸ.

ಮಲ್ಪೆಯವರು: ನಾನು ಬಾಟಲಿ ತೆಗೆದರೆ ಮೋಸ, ತಾವು ಸತ್ತವರನ್ನು ನಿಲ್ಲಿಸಿದರೆ ಹೆಮ್ಮೆಯೇ? ನಾಳೆ ಮೊಮ್ಮಗು ಅಜ್ಜ ಧಾರೆಯೆರೆದರೆಂದೇ ನಂಬುತ್ತದೆ.

ಉಡುಪಿಯವರು: ಆಲ್ಬಮ್ಮನ್ನು ನಾನು ಯಾವ ಸ್ಪರ್ಧೆಗೂ ಕಳುಹಿಸಿಲ್ಲ. ಸೋತ ಸಿಟ್ಟನ್ನು ಇಲ್ಲಿ ತೀರಿಸಿಕೊಳ್ಳಬೇಡಿ.

ಕಂಬಳದ ಚಿತ್ರಗಾರರು: ಪ್ರಶ್ನೆ ಕೇಳಿದವರೇ, ಅದು ನಿಜವಾಗಿಯೂ ವಿದ್ಯುತ್ ತಂತಿಯೇ? ನಿಶಾನೆಯ ಬಟ್ಟೆ ಕಟ್ಟಿದ ಹಗ್ಗವನ್ನು ನಾನೂ ತಂತಿಯೆಂದು ತಿಳಿದು ಬಟ್ಟೆಯ ಸಮೇತ ಅಳಿಸಿಬಿಟ್ಟಿದ್ದೆ. ಕನೆಹಲಗೆಯಲ್ಲಿ ನೀರು ಎಷ್ಟು ಕೋಲು ಎತ್ತರದ ನಿಶಾನೆಗೆ ತಾಗಿತೆಂಬುದೇ ತೀರ್ಪು. ನಿಶಾನೆಯಿಲ್ಲದ ನೀರನ್ನು ಗೋಡೆಗೆ ಏಕೆ ಹಾಕಲಿ ಎಂದು ಕೋಣಗಳ ಯಜಮಾನರು ಮುಂಗಡ ಮರಳಿ ಪಡೆದರು. ಮುದ್ರಣ, ಚೌಕಟ್ಟು ಸೇರಿ 4,300 ನನ್ನ ತಲೆಗೇ ಬಂತು. ತಾಗಿದ್ದು ಏಳೂವರೆ ಕೋಲಿಗೆ.

ಕೋಣಗಳ ಅಭಿಮಾನಿ: ಆ ಓಟದ ದಿನ ಕರೆಯ (ಓಟದ ಗದ್ದೆಯ) ಬದಿಯಲ್ಲೇ ನಿಂತಿದ್ದೆ. ಆರೂವರೆಗೆ ತಾಗಿದ್ದು, ಏಳೂವರೆಗಲ್ಲ. ಮೂಲ ಫೈಲನ್ನು ಹಾಕಿ.

ಕಂಬಳದ ಚಿತ್ರಗಾರರು: ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲದೆ ಮೂಲವನ್ನೂ ಅಳಿಸಿದ್ದೇನೆ.